ವಾಲಿ ಸಾಯುವುದು ಎಲ್ಲರಿಗೂ ಗೊತ್ತು

ವಾಲಿ ಸಾಯುತ್ತಾನೆ. ತಾಳಮದ್ದಳೆಗೆ ಬಂದು ಕೂತವರಿಗೆಲ್ಲ ಇದು ಗೊತ್ತು. ಅಜ್ಜನ ಮಡಿಲಲ್ಲಿ ತೂಕಡಿಸುವ ಮಗುವಿಗೂ ಗೊತ್ತು. ಆದರೂ ಹೊರಗೆ ಮಳೆ ಧೋ ಅಂತ ಹೊಯ್ಯುವಾಗ, ಒದ್ದೆ ಕೊಡೆಗಳನ್ನು ಬಾಗಿಲ ಬಳಿ ರಾಶಿ ಹಾಕಿ, ಜನ ಗಂಟೆಗಟ್ಟಲೆ ಕೂರುತ್ತಾರೆ. ಬಾಣ ತಾಗಿ ಬಿದ್ದ ವಾಲಿ ರಾಮನಲ್ಲಿ ಏನು ಕೇಳುತ್ತಾನೆ, ರಾಮ ಏನು ಹೇಳಿ ಪಾರಾಗುತ್ತಾನೆ ಎಂದು ನೋಡುವುದಕ್ಕೆ.

ಕರಾವಳಿಯ ಹೊರಗಿನವರಿಗೆ ಒಂದು ಮಾತು. ತಾಳಮದ್ದಳೆ ಎಂದರೆ ಯಕ್ಷಗಾನವೇ, ಆದರೆ ವೇಷ ಇಲ್ಲ, ಕುಣಿತ ಇಲ್ಲ. ಭಾಗವತರು ಪದ್ಯ ಹೇಳುತ್ತಾರೆ. ಪಂಚೆ ಶಾಲು ಹಾಕಿ ಕೂತ ಅರ್ಥಧಾರಿಗಳು ಆ ಪದ್ಯದ ಎಳೆ ಹಿಡಿದು ಮಾತಾಡುತ್ತಾರೆ. ಬರೆದಿಟ್ಟ ಸಂಭಾಷಣೆ ಇರುವುದಿಲ್ಲ. ಎದುರಿನವರು ಏನು ಕೇಳಿಯಾರು ಎಂಬುದೂ ಮೊದಲೇ ಗೊತ್ತಿರುವುದಿಲ್ಲ. ಮೇ ಕೊನೆಗೆ ಬರುವ ಪತ್ತನಾಜೆಯ ದಿನ ಮೇಳಗಳು ಗೆಜ್ಜೆ ಬಿಚ್ಚಿ ತಿರುಗಾಟ ಮುಗಿಸಿದ ಮೇಲೆ ಮಳೆಗಾಲ ಪೂರ್ತಿ ನಮ್ಮಲ್ಲಿ ಇದರದ್ದೇ ಕಾಲ. ಶೇಣಿ ಗೋಪಾಲಕೃಷ್ಣ ಭಟ್ಟರು, ಮಲ್ಪೆಯ ಸಾಮಗ ಸಹೋದರರು, ದೇರಾಜೆ ಸೀತಾರಾಮಯ್ಯನವರು ಇಂಥವರ ಮಾತು ಕೇಳಲು ಜನ ಊರಿಂದೂರಿಗೆ ಹೋಗುತ್ತಿದ್ದರು.

ಈಚೆಗೆ ಉಡುಪಿ ಹತ್ತಿರದ ಒಂದು ದೇವಸ್ಥಾನದ ಸಭಾಭವನದಲ್ಲಿ ಇದೇ ಪ್ರಸಂಗ ಕೇಳಿದೆ. ವಾಲಿಯ ಅರ್ಥ ಹೇಳಿದವರು ಹಿರಿಯರು. ಮರದ ಮರೆಯ ವಿಷಯ ಎತ್ತುತ್ತಾರೆ ಎಂದು ಎಲ್ಲರೂ ಕಾಯುತ್ತಿದ್ದರು. ಅವರು ಅದನ್ನು ಬಿಟ್ಟು ಬೇರೆ ಕಡೆಯಿಂದ ಬಂದರು. "ಸುಗ್ರೀವನ ಮಾತು ಕೇಳಿದೆ, ಸರಿ. ನನ್ನ ಮಾತು ಕೇಳಿದೆಯಾ? ಒಂದೇ ಕಡೆಯ ದೂರು ಕೇಳಿ ಶಿಕ್ಷೆ ಕೊಡುವವನು ನ್ಯಾಯಾಧೀಶನೋ, ಬಾಡಿಗೆಯವನೋ?" ರಾಮ ಸ್ವಲ್ಪ ತಡವರಿಸಿದ. ತಮ್ಮನ ಹೆಂಡತಿಯ ವಿಚಾರಕ್ಕೆ ಜಾರಲು ನೋಡಿದ. ವಾಲಿ ಕೈ ಎತ್ತಿ, "ಅದು ಆಮೇಲೆ. ಮೊದಲು ನಾನು ಕೇಳಿದ್ದಕ್ಕೆ ಬಾ" ಎಂದರು. ಸಭೆಯಲ್ಲಿ ನಗು ಎದ್ದಿತು. ಮದ್ದಳೆಯವರೂ ಮುಂದಕ್ಕೆ ಬಗ್ಗಿ ಕೂತರು. ರಾಮನಿಗೆ ಬೇರೆ ದಾರಿ ಇರಲಿಲ್ಲ. ಉತ್ತರ ಕೊಡಲೇಬೇಕಾಯಿತು. ಸುಮಾರಾದ ಉತ್ತರವೇ ಕೊಟ್ಟರು ಅನ್ನಿ, ಆದರೆ ಕೊಟ್ಟರು.

ನಮ್ಮ ತಾಳಮದ್ದಳೆಯ ಆಟಿ ತಿಂಗಳಲ್ಲೇ (ಜುಲೈ-ಆಗಸ್ಟ್) ದೆಹಲಿಯಲ್ಲಿ ಸಂಸತ್ತಿನ ಮಳೆಗಾಲದ ಅಧಿವೇಶನ ನಡೆಯುತ್ತದೆ. ಮಂಗಳೂರಿನಲ್ಲಿ ನಾನು ಹೋಗುವ ಸೆಲೂನಿನ ಟಿವಿಯಲ್ಲಿ ಒಮ್ಮೊಮ್ಮೆ ಸಂಸದ್ ಟಿವಿ ಓಡುತ್ತಿರುತ್ತದೆ. ಕ್ರಿಕೆಟ್ ಇಲ್ಲದ ದಿನ ಮಾತ್ರ. ಅಲ್ಲಿ ಒಬ್ಬರು ಯಾವಾಗಲೂ ಹೇಳುವ ಮಾತಿದೆ: "ಎಂತ ಮಾರಾಯ್ರೆ, ಬಹುಮತ ಹೇಗೂ ಅವರದ್ದೇ. ಇವರು ಇಷ್ಟು ಬೊಬ್ಬೆ ಹಾಕಿ ಎಂತ ಆಗ್ಲಿಕ್ಕುಂಟು?"

ಈ ಮಾತನ್ನು ನೀವೂ ಕೇಳಿರುತ್ತೀರಿ. ಬಹುಶಃ ಹೇಳಿರುತ್ತೀರಿ ಕೂಡ. ನನಗೆ ಆಶ್ಚರ್ಯ ಆಗುವುದು ಏನೆಂದರೆ, ವಾಲಿ ಹೇಗೂ ಸಾಯುತ್ತಾನಲ್ಲ, ಮತ್ತೆ ಯಾಕೆ ಅರ್ಥ ಹೇಳುವುದು ಎಂದು ನಮ್ಮೂರಲ್ಲಿ ಯಾರೂ ಕೇಳುವುದಿಲ್ಲ. ಕೊನೆ ಗೊತ್ತಿದ್ದೂ ಮಾತಿಗಾಗಿ ಕಾದು ಕೂರುವ ಜನ ನಾವು. ಸಂಸತ್ತಿನ ವಿಷಯ ಬಂದಾಗ ಮಾತ್ರ ಮತ ಎಣಿಸಿ ಎದ್ದು ಹೋಗುತ್ತೇವೆ.

1963ರ ಆಗಸ್ಟ್ ತಿಂಗಳು. ಚೀನಾ ಯುದ್ಧದಲ್ಲಿ ಸೋತ ನೋವು ಇನ್ನೂ ಹಸಿ. ಆಚಾರ್ಯ ಕೃಪಲಾನಿ ನೆಹರೂ ಸರ್ಕಾರದ ಮೇಲೆ ಅವಿಶ್ವಾಸ ಗೊತ್ತುವಳಿ ತಂದರು. ಲೋಕಸಭೆಗೆ ಅದೇ ಮೊದಲ ಅವಿಶ್ವಾಸ ಗೊತ್ತುವಳಿ. ಸರ್ಕಾರ ಬೀಳುವ ಮಾತೇ ಇರಲಿಲ್ಲ. ಪರವಾಗಿ ಬಿದ್ದದ್ದು 62 ಮತ, ವಿರುದ್ಧ 347. ಇಷ್ಟೇ ಆಗಿದ್ದರೆ ಇವತ್ತು ಯಾರಿಗೂ ಅದರ ನೆನಪು ಇರುತ್ತಿರಲಿಲ್ಲ. ಆದರೆ ಅದೇ ವರ್ಷ ಫರೂಖಾಬಾದ್ ಉಪಚುನಾವಣೆಯಲ್ಲಿ ಗೆದ್ದು ಬಂದಿದ್ದ ರಾಮಮನೋಹರ ಲೋಹಿಯಾ ಆ ಚರ್ಚೆಯಲ್ಲಿ ಎದ್ದು ನಿಂತರು. ದೇಶದ 27 ಕೋಟಿ ಜನ ದಿನಕ್ಕೆ ಮೂರು ಆಣೆಯಲ್ಲಿ ಬದುಕುತ್ತಿದ್ದಾರೆ ಎಂದರು. ನೆಹರೂ ಒಪ್ಪಲಿಲ್ಲ. ಮೂರಲ್ಲ, ಹದಿನೈದು ಆಣೆ ಎಂದರು. ಸರಾಸರಿ ತೆಗೆಯುವಾಗ ಸಿರಿವಂತರ ದುಡ್ಡನ್ನೂ ಸೇರಿಸಿ ತೆಗೆದರೆ ಬಡವನ ಆದಾಯ ಹೇಗೆ ಗೊತ್ತಾಗುತ್ತದೆ ಎಂಬುದು ಲೋಹಿಯಾ ವಾದ.

ಹದಿನೈದು ಎಂಬ ಉತ್ತರ ಬಂದದ್ದೇ ದೊಡ್ಡದು ಎಂದು ನನಗೆ ಅನಿಸುತ್ತದೆ. ಮೂರು ಆಣೆ ಎಂದು ಲೋಹಿಯಾ ಹೊರಗೆ ಯಾವುದೋ ಮೈದಾನದಲ್ಲಿ ಹೇಳಿದ್ದರೆ ಪ್ರಧಾನಿ ತಲೆ ಕೆಡಿಸಿಕೊಳ್ಳಬೇಕಾಗಿರಲಿಲ್ಲ. ಸದನದಲ್ಲಿ ಹೇಳಿದ್ದರಿಂದ ಸರ್ಕಾರ ತನ್ನ ಅಂಕಿಯನ್ನು ಹೊರಗೆ ತೆಗೆದು ಮೇಜಿನ ಮೇಲೆ ಇಡಬೇಕಾಯಿತು. ಇಟ್ಟ ಮೇಲೆ ಅದನ್ನು ಬೇರೆಯವರೂ ಕುಟ್ಟಿ ನೋಡಬಹುದು. ಬಡತನವನ್ನು ಹೇಗೆ ಅಳೆಯಬೇಕು ಎಂಬ ಜಗಳ ನಮ್ಮಲ್ಲಿ ಇವತ್ತಿಗೂ ಮುಗಿದಿಲ್ಲ. ಬರೀ 62 ಮತ ಪಡೆದು ಸೋತವರು ಎತ್ತಿದ ಜಗಳ ಅದು.

ಅದಕ್ಕಿಂತ ಮುಂಚಿನ ಇನ್ನೊಂದು ಉದಾಹರಣೆ ನನಗೆ ಇನ್ನೂ ಇಷ್ಟ. ಯಾಕೆಂದರೆ ಅಲ್ಲಿ ಕೇಳಿದವರು ವಿರೋಧ ಪಕ್ಷದವರೇ ಅಲ್ಲ. ಎಲ್‌ಐಸಿ ಹುಟ್ಟಿದ್ದು 1956ರಲ್ಲಿ. ಮರುವರ್ಷವೇ ಅದು ಹರಿದಾಸ್ ಮುಂಧ್ರಾ ಎಂಬ ಉದ್ಯಮಿಯ ಕಂಪನಿಗಳ ಷೇರುಗಳಿಗೆ ಸುಮಾರು 1.24 ಕೋಟಿ ರೂಪಾಯಿ ಸುರಿಯಿತು. ಡಿಸೆಂಬರ್ 1957ರಲ್ಲಿ ಇದನ್ನು ಸದನದಲ್ಲಿ ಬಿಡಿಸಿಟ್ಟವರು ಫಿರೋಜ್ ಗಾಂಧಿ. ಕಾಂಗ್ರೆಸ್ಸಿನ ಸಂಸದ, ಅದೂ ಪ್ರಧಾನಿಯ ಅಳಿಯ. ಪ್ರಶ್ನೆಯ ಮೇಲೆ ಪ್ರಶ್ನೆ ಬಿತ್ತು. ನ್ಯಾಯಮೂರ್ತಿ ಎಂ.ಸಿ. ಚಾಗ್ಲಾ ಅವರಿಂದ ಬಹಿರಂಗ ವಿಚಾರಣೆ ನಡೆಯಿತು. 1958ರ ಫೆಬ್ರವರಿಯಲ್ಲಿ ಹಣಕಾಸು ಮಂತ್ರಿ ಟಿ.ಟಿ. ಕೃಷ್ಣಮಾಚಾರಿ ರಾಜೀನಾಮೆ ಕೊಟ್ಟರು. ಬಹುಮತ ಭದ್ರವಾಗಿಯೇ ಇತ್ತು. ಹೋದದ್ದು ಮಂತ್ರಿ ಮಾತ್ರ. ಇವತ್ತು ಯಾವುದೇ ಪಕ್ಷದ ಸಂಸದ ತನ್ನದೇ ಮಂತ್ರಿಯನ್ನು ಹೀಗೆ ಹಿಡಿದು ನಿಲ್ಲಿಸುವುದನ್ನು ಊಹಿಸಿ ನೋಡಿ. ಮುಂದಿನ ಸಲ ಅವರಿಗೆ ಟಿಕೆಟ್ ಸಿಗುತ್ತದಾ?

ಹಾಗಂತ ಹಳೆಯದೆಲ್ಲ ಚಿನ್ನ ಎಂದು ನಾನು ಹೇಳುತ್ತಿಲ್ಲ. ಮಾತುಗಾರಿಕೆ ಎಂದರೆ ಮಂಗಳೂರಿನವರು ಮೊದಲು ಹೇಳುವ ಹೆಸರು ಜಾರ್ಜ್ ಫೆರ್ನಾಂಡಿಸ್. 1930ರಲ್ಲಿ ಇಲ್ಲೇ ಹುಟ್ಟಿದವರು. ಕೊಂಕಣಿ, ತುಳು, ಕನ್ನಡ, ಮರಾಠಿ, ಹಿಂದಿ, ಇಂಗ್ಲಿಷ್ ಎಲ್ಲದರಲ್ಲೂ ಬೆಂಕಿ ಉಗುಳಬಲ್ಲವರು. 1967ರಲ್ಲಿ ಮುಂಬೈಯಲ್ಲಿ ಎಸ್.ಕೆ. ಪಾಟೀಲರಂಥ ಘಟಾನುಘಟಿಯನ್ನು ಸೋಲಿಸಿ ಲೋಕಸಭೆಗೆ ಹೋದರು. ನಮ್ಮ ಕ್ಷೇತ್ರದಿಂದ ಒಮ್ಮೆಯೂ ಹೋಗಲಿಲ್ಲ, ಆದರೂ ನಮ್ಮ ಜಾರ್ಜ್ ಎಂದೇ ಹೇಳುತ್ತೇವೆ. 1979ರ ಜುಲೈಯಲ್ಲಿ ಮೊರಾರ್ಜಿ ದೇಸಾಯಿ ಸರ್ಕಾರದ ಮೇಲೆ ವೈ.ಬಿ. ಚವಾಣ್ ಅವಿಶ್ವಾಸ ತಂದರು. ಕೈಗಾರಿಕಾ ಮಂತ್ರಿಯಾಗಿದ್ದ ಜಾರ್ಜ್ ಸರ್ಕಾರದ ಪರ ಎದ್ದು ನಿಂತು ಭರ್ಜರಿ ಭಾಷಣ ಮಾಡಿದರು. ಆ ಭಾಷಣದ ಬಿಸಿ ಆರುವ ಮೊದಲೇ ಅದೇ ಸರ್ಕಾರವನ್ನು ಬಿಟ್ಟು ಆಚೆ ಬಣಕ್ಕೆ ಹೋದರು. ಮತ ಹಾಕುವ ಹಂತಕ್ಕೂ ಹೋಗದೆ ಜುಲೈ 15ರಂದು ಮೊರಾರ್ಜಿ ರಾಜೀನಾಮೆ ಕೊಟ್ಟರು.

ತಾಳಮದ್ದಳೆಯಲ್ಲಾದರೆ ಇದು ತಪ್ಪಲ್ಲ. ನಿನ್ನೆ ರಾಮನ ಅರ್ಥ ಹೇಳಿದವರು ಇವತ್ತು ರಾವಣನ ಅರ್ಥ ಹೇಳಬಹುದು. ಎರಡನ್ನೂ ಸಮರ್ಥವಾಗಿ ಹೇಳಿದರೆ ಶಭಾಸ್ ಎನ್ನುತ್ತೇವೆ. (ಎರಡೂ ಕಡೆ ಕಾಲಿಟ್ಟವರು ನಮ್ಮಲ್ಲೇ ಒಬ್ಬರಿದ್ದರು. ಅರ್ಥಧಾರಿ ಕುಂಬಳೆ ಸುಂದರ ರಾವ್ 1994ರಲ್ಲಿ ಸುರತ್ಕಲ್‌ನಿಂದ ಗೆದ್ದು ವಿಧಾನಸಭೆಗೆ ಹೋಗಿದ್ದರು.) ಸಂಸತ್ತಿನಲ್ಲಿ ಹಾಗಲ್ಲ. ಅಲ್ಲಿ ಮಾತಾಡಿದವನು ಆ ಮಾತಿಗೆ ಜಾಮೀನು. ಜಾರ್ಜ್ ಅವರ ಆ ಭಾಷಣ ಕಡತದಲ್ಲಿ ಹಾಗೇ ಕೂತಿದೆ. ಅವರ ಜೀವನದ ಬಗ್ಗೆ ಬರೆಯುವ ಯಾರೂ ಅದನ್ನು ದಾಟಿ ಹೋಗಲು ಆಗುವುದಿಲ್ಲ.

ಈ ಜಿಗಿತದ ಚಟಕ್ಕೆ ಮದ್ದು ಎಂದು 1985ರಲ್ಲಿ ಪಕ್ಷಾಂತರ ನಿಷೇಧ ಕಾನೂನು ಬಂತು. ಸಂವಿಧಾನಕ್ಕೆ 52ನೇ ತಿದ್ದುಪಡಿ, ಹತ್ತನೇ ಪರಿಚ್ಛೇದ. ಪಕ್ಷದ ವಿಪ್, ಅಂದರೆ ಹೀಗೇ ಮತ ಹಾಕಿ ಎಂಬ ಆದೇಶ, ಮೀರಿ ಮತ ಹಾಕಿದರೆ ಸದಸ್ಯತ್ವವೇ ಹೋಗಬಹುದು. ಉದ್ದೇಶ ಒಳ್ಳೆಯದೇ. ಬೆಳಿಗ್ಗೆ ಒಂದು ಪಕ್ಷ, ಸಂಜೆ ಇನ್ನೊಂದು ಪಕ್ಷ ಎಂಬ ಕಾಲ ನೋಡಿದವರಿಗೆ ಅದರ ಅಗತ್ಯ ಗೊತ್ತು. ಆದರೆ ಅದು ಅನ್ವಯ ಆಗುವುದು ಸರ್ಕಾರ ಉಳಿಯುವ ಬೀಳುವ ಮತಕ್ಕೆ ಮಾತ್ರ ಅಲ್ಲ, ಎಲ್ಲ ಮತಕ್ಕೂ. ಮೀನುಗಾರಿಕೆಯ ಮಸೂದೆ ಇರಲಿ, ಬಂದರಿನ ಮಸೂದೆ ಇರಲಿ, ವಿಪ್ ಬಂದರೆ ಮುಗಿಯಿತು. ಎದುರಿನವರ ವಾದ ಎಷ್ಟೇ ಸರಿ ಅನಿಸಿದರೂ ಕೈ ಎತ್ತಬೇಕಾದ್ದು ಪಕ್ಷ ಹೇಳಿದ ಕಡೆಗೇ. ವಿಶ್ವಾಸ ಮತಕ್ಕೆ ಮಾತ್ರ ಈ ಕಟ್ಟು ಇರಲಿ, ಉಳಿದದ್ದಕ್ಕೆ ಬೇಡ ಎಂದು ದಿನೇಶ್ ಗೋಸ್ವಾಮಿ ಸಮಿತಿ 1990ರಲ್ಲೇ ಹೇಳಿತ್ತು. ಯಾವ ಸರ್ಕಾರವೂ ಆ ಕಡೆ ತಲೆ ಹಾಕಲಿಲ್ಲ. ಎಲ್ಲ ಪಕ್ಷದ ಹೈಕಮಾಂಡಿಗೂ ಇದು ಅನುಕೂಲ, ಅಲ್ವಾ?

ಹಾಗಾಗಿ ಸೆಲೂನಿನವರ ಮಾತು ಅರ್ಧ ಸರಿ. ಭಾಷಣ ಕೇಳಿ ಮತ ಬದಲಾಗುವುದು ಈಗ ಹೆಚ್ಚು ಕಡಿಮೆ ಇಲ್ಲವೇ ಇಲ್ಲ. ಹಾಗಿದ್ದರೆ ಸದನದ ಮಾತಿಗೆ ಉಳಿದಿರುವ ಕೆಲಸ ಒಂದೇ. ಅಧಿಕಾರದಲ್ಲಿ ಇರುವವರನ್ನು ಎಲ್ಲರ ಎದುರು ನಿಲ್ಲಿಸಿ, ಕೇಳಿದ್ದಕ್ಕೆ ಬಾ ಎನ್ನುವುದು. ಇದಕ್ಕೆ ಅಬ್ಬರದ ವಾಗ್ಮಿ ಬೇಕಾಗಿಲ್ಲ. ಎರಡನೇ ಪ್ರಶ್ನೆ ಕೇಳಬಲ್ಲವರು ಬೇಕು.

ಆ ಎರಡನೇ ಪ್ರಶ್ನೆಗೆ ಸದನದಲ್ಲಿ ಒಂದು ಜಾಗ ಇದೆ. ಪ್ರಶ್ನೋತ್ತರ ಅವಧಿ. ಲೋಕಸಭೆಯಲ್ಲಿ ಬೆಳಿಗ್ಗೆ 11ರಿಂದ 12. ದಿನಕ್ಕೆ 20 ಚುಕ್ಕೆ ಗುರುತಿನ ಪ್ರಶ್ನೆಗಳು, 230 ಚುಕ್ಕೆ ಗುರುತಿಲ್ಲದವು. ಯಾರ ಪ್ರಶ್ನೆ ಬರುತ್ತದೆ ಎಂಬುದು ಚೀಟಿ ಎತ್ತಿದ ಹಾಗೆ, ಬ್ಯಾಲಟ್‌ನಲ್ಲಿ ನಿರ್ಧಾರ ಆಗುತ್ತದೆ. ಹದಿನೈದು ದಿನ ಮೊದಲೇ ಕೊಡಬೇಕಾದ್ದರಿಂದ ಮೊದಲ ಉತ್ತರ ಮಂತ್ರಿಯದ್ದಲ್ಲ, ಅಧಿಕಾರಿಗಳದ್ದು. ಅಚ್ಚುಕಟ್ಟಾಗಿ ಬರೆದು, ಬೇಕಾದ ಕಡೆ ಮಸುಕು ಮಾಡಿ ತಂದಿರುತ್ತಾರೆ. ಮಜಾ ಶುರುವಾಗುವುದು ಆಮೇಲೆ. ಚುಕ್ಕೆ ಗುರುತಿನ ಪ್ರಶ್ನೆಗೆ ಪೂರಕ ಪ್ರಶ್ನೆ ಕೇಳಬಹುದು. ಅದಕ್ಕೆ ಮಂತ್ರಿಯೇ ನಿಂತಲ್ಲೇ ಬಾಯಿ ಬಿಟ್ಟು ಹೇಳಬೇಕು. ಹಿಂದೆ ಕೂತ ಅಧಿಕಾರಿಗಳಿಂದ ಚೀಟಿ ಬರುವುದು, ಮಂತ್ರಿ ಅದನ್ನು ಬಿಡಿಸಿ ಕಣ್ಣಾಡಿಸುವುದು, ಅಷ್ಟರಲ್ಲಿ ಮಾತನ್ನು ಸ್ವಲ್ಪ ಎಳೆಯುವುದು, ಇದೆಲ್ಲ ನೋಡಲು ಗಮ್ಮತ್ತು. ಇಲಾಖೆ ಗೊತ್ತಿರುವ ಮಂತ್ರಿ ಯಾರು, ಗೊತ್ತಿಲ್ಲದವರು ಯಾರು ಎಂಬುದು ಐದೇ ನಿಮಿಷದಲ್ಲಿ ಬಯಲಾಗುತ್ತದೆ. ಇಪ್ಪತ್ತರಲ್ಲಿ ಬಾಯಿ ಮಾತಿನ ತನಕ ಬರುವುದು ಬೆರಳೆಣಿಕೆಯವು ಮಾತ್ರ. ಉಳಿದವಕ್ಕೆ ಬರಹದ ಉತ್ತರವೇ ಗತಿ.

2020ರ ಸೆಪ್ಟೆಂಬರಿನಲ್ಲಿ ಕೊರೊನಾ ಕಾರಣ ಹೇಳಿ ಈ ಪ್ರಶ್ನೋತ್ತರ ಅವಧಿಯನ್ನೇ ಕೈಬಿಟ್ಟರು. ಬರಹದ ಉತ್ತರಗಳು ಮಾತ್ರ ಇದ್ದವು. ಮಸೂದೆಗಳು ಪಾಸಾಗುವುದಕ್ಕೆ ಕೊರೊನಾ ಅಡ್ಡ ಬರಲಿಲ್ಲ. ಅದೇ ಅಧಿವೇಶನದಲ್ಲಿ ರಾಜ್ಯಸಭೆ ಕೃಷಿ ಮಸೂದೆಗಳನ್ನು ಗದ್ದಲದ ನಡುವೆ ಧ್ವನಿಮತದಲ್ಲಿ ಪಾಸು ಮಾಡಿತು. ಮರುವರ್ಷ ನವೆಂಬರ್ 29ರಂದು ಆ ಕಾನೂನುಗಳನ್ನು ಹಿಂದಕ್ಕೆ ತೆಗೆದುಕೊಂಡದ್ದಂತೂ ಚರ್ಚೆಯೇ ಇಲ್ಲದೆ. ತಂದದ್ದು ಯಾಕೆ, ಬಿಟ್ಟದ್ದು ಯಾಕೆ ಎಂದು ಸದನದಲ್ಲಿ ಕೇಳಿ ತಿಳಿಯುವ ಎರಡೂ ಅವಕಾಶ ಹೀಗೆ ಹೋಯಿತು.

ಹಳೆಯ ಕಲಾಪಗಳ ಕಡತ ಈಗ ಸಂಸತ್ತಿನ ಡಿಜಿಟಲ್ ಗ್ರಂಥಾಲಯದಲ್ಲಿ ಸಿಗುತ್ತದೆ. ಪುರಸೊತ್ತಿದ್ದಾಗ ನಾನು ತೆರೆದು ಕೂರುವುದುಂಟು. ಓದಲು ನಾಟಕದ ಪುಸ್ತಕದ ಹಾಗೆ ಇರುತ್ತದೆ. ಸದಸ್ಯರ ಹೆಸರು, ಪಕ್ಕದಲ್ಲಿ ಕ್ಷೇತ್ರ, ಕೆಳಗೆ ಮಾತು. ನಡುನಡುವೆ ಬ್ರಾಕೆಟ್ಟಿನಲ್ಲಿ 'ಅಡಚಣೆ' ಎಂದು ಇರುತ್ತದೆ. ಅರ್ಧ ಗಂಟೆಯ ಗಲಾಟೆ, ಪೀಠದ ಮುಂದಿನ ಬಾವಿಗಿಳಿದದ್ದು, ಕಾಗದ ಹರಿದದ್ದು ಎಲ್ಲಕ್ಕೂ ಸೇರಿ ಅದೊಂದೇ ಶಬ್ದ. ಕೆಲವು ಕಡೆ ಮಾತಿನ ಜಾಗದಲ್ಲಿ ನಕ್ಷತ್ರ ಚಿಹ್ನೆ, ಅಡಿಯಲ್ಲಿ 'ಪೀಠದ ಆದೇಶದಂತೆ ಕಡತದಿಂದ ತೆಗೆಯಲಾಗಿದೆ' ಎಂಬ ಟಿಪ್ಪಣಿ. ಟಿವಿಯಲ್ಲಿ ಇಡೀ ದೇಶ ಕೇಳಿಯಾಗಿರುತ್ತದೆ, ಆದರೂ ಕಡತದಲ್ಲಿ ನಕ್ಷತ್ರ. ಇನ್ನೊಂದು ವಿಚಿತ್ರ ಉಂಟು. ಬಜೆಟ್‌ನಂಥ ದೊಡ್ಡ ಚರ್ಚೆಗಳಲ್ಲಿ ಕೆಲವು ಭಾಷಣಗಳ ಮೇಲೆ 'ಸದನದ ಮೇಜಿನ ಮೇಲೆ ಇಡಲಾಯಿತು' ಎಂದು ಇರುತ್ತದೆ. ಸಮಯ ಸಿಗದವರು ಬರೆದು ತಂದದ್ದನ್ನು ಹಾಗೇ ಕೊಟ್ಟು ಹೋದದ್ದು. ಯಾರೂ ಆಡಿಲ್ಲ, ಯಾರೂ ಕೇಳಿಲ್ಲ, ಆದರೆ ಭಾಷಣ!

ಕಡತದ ಈ ರಾಶಿಯಲ್ಲಿ ನಮ್ಮವರೂ ಇದ್ದಾರೆ. ಮೊದಲ ಲೋಕಸಭೆಗೆ ಆಗಿನ ದಕ್ಷಿಣ ಕನ್ನಡದಿಂದ ಹೋದ ಇಬ್ಬರು ಬೆನಗಲ್ ಶಿವರಾವ್ ಮತ್ತು ಉಳ್ಳಾಲ ಶ್ರೀನಿವಾಸ ಮಲ್ಯ. ಇಬ್ಬರೂ ಸಂವಿಧಾನ ಸಭೆಯಲ್ಲೂ ಇದ್ದವರು. ಆಗ ನಮ್ಮ ಜಿಲ್ಲೆ ಮದ್ರಾಸ್ ರಾಜ್ಯಕ್ಕೆ ಸೇರಿತ್ತು. ಶಿವರಾವ್ ಪತ್ರಕರ್ತರು. ಅವರ ಅಣ್ಣ ಬಿ.ಎನ್. ರಾವ್ ಹುಟ್ಟಿದ್ದು ಮಂಗಳೂರಿನಲ್ಲಿ, ಓದಿದ್ದು ಕೆನರಾ ಹೈಸ್ಕೂಲಿನಲ್ಲಿ. ಸಂವಿಧಾನ ಸಭೆಯ ಸಲಹೆಗಾರರಾಗಿ 1947ರ ಅಕ್ಟೋಬರಿನಲ್ಲಿ ಮೊದಲ ಕರಡು ಸಿದ್ಧ ಮಾಡಿದವರು ಅವರು. ಸಂವಿಧಾನದ 105ನೇ ವಿಧಿಯ ಪ್ರಕಾರ ಸದನದಲ್ಲಿ ಆಡಿದ ಮಾತಿಗೆ ಯಾವ ಕೋರ್ಟಿಗೂ ಎಳೆಯುವ ಹಾಗಿಲ್ಲ. ನಾನು ನೀವು ಬೀದಿಯಲ್ಲಿ ಹೇಳಿದರೆ ಮಾನನಷ್ಟದ ನೋಟಿಸ್ ಬರಬಹುದಾದ ಮಾತನ್ನು ಸಂಸದರು ಅಲ್ಲಿ ಧೈರ್ಯವಾಗಿ ಹೇಳಬಹುದು. ಈ ರಕ್ಷಣೆ ಕೊಟ್ಟದ್ದು ಪರಸ್ಪರ ಬೈದುಕೊಳ್ಳಲಿ ಎಂದಲ್ಲ, ಫಿರೋಜ್ ಗಾಂಧಿಯಂಥವರು ಬಾಯಿ ಬಿಡಲಿ ಎಂದು.

ಉಡುಪಿ ಮೂಲದ ಜೋಕಿಂ ಆಳ್ವ ಉತ್ತರ ಕನ್ನಡದಿಂದ ಲೋಕಸಭೆಯಲ್ಲಿದ್ದಾಗ ಅವರ ಹೆಂಡತಿ ವೈಲೆಟ್ ಆಳ್ವ ರಾಜ್ಯಸಭೆಯಲ್ಲಿದ್ದರು. 1962ರಲ್ಲಿ ವೈಲೆಟ್ ರಾಜ್ಯಸಭೆಯ ಉಪಸಭಾಪತಿಯಾದರು. ಆ ಪೀಠದಲ್ಲಿ ಕೂತ ಮೊದಲ ಹೆಂಗಸು. ಗಂಡ ಆ ಸದನದಲ್ಲಿ ಮಾತಾಡಲು ಎದ್ದರೆ ಹೆಂಡತಿ, "ನಿಮ್ಮ ಸಮಯ ಮುಗಿಯಿತು, ಕೂತ್ಕೊಳ್ಳಿ" ಎನ್ನುವುದನ್ನು ನೋಡುವ ಅವಕಾಶ 1968ರ ತನಕ ಇರಲಿಲ್ಲ. ಆ ವರ್ಷ ಗಂಡನೂ ರಾಜ್ಯಸಭೆಗೆ ನಾಮಕರಣಗೊಂಡು ಬಂದರು!

ಮಾತಿನ ವಿಷಯ ಬಂದಾಗ ಭಾಷೆಯ ವಿಷಯ ಬಾರದಿರುತ್ತದಾ? 1967ರಲ್ಲಿ ಶಿವಮೊಗ್ಗದ ಸಂಸದ ಜೆ.ಎಚ್. ಪಟೇಲರು ಲೋಕಸಭೆಯಲ್ಲಿ ಕನ್ನಡದಲ್ಲಿ ಮಾತಾಡಿದರು. ಅಲ್ಲಿ ಕನ್ನಡ ಕೇಳಿಸಿದ್ದು ಅದೇ ಮೊದಲು. ಪೀಠದಲ್ಲಿದ್ದ ನೀಲಂ ಸಂಜೀವ ರೆಡ್ಡಿ ಒಪ್ಪಿಗೆ ಕೊಟ್ಟರು. ಸಂಸತ್ತಿನ ವ್ಯವಹಾರ ಹಿಂದಿಯಲ್ಲಿ ಅಥವಾ ಇಂಗ್ಲಿಷಿನಲ್ಲಿ ಎನ್ನುವ 120ನೇ ವಿಧಿಯೇ, ಆ ಎರಡರಲ್ಲಿ ಸರಿಯಾಗಿ ಹೇಳಲಾಗದವರಿಗೆ ಮಾತೃಭಾಷೆಯಲ್ಲಿ ಮಾತಾಡಲು ಪೀಠ ಅನುಮತಿ ಕೊಡಬಹುದು ಎಂದೂ ಹೇಳುತ್ತದೆ. ಈಗ ಎಂಟನೇ ಪರಿಚ್ಛೇದದ ಭಾಷೆಗಳಿಗೆ ಕೂಡಲೇ ಅನುವಾದ ಮಾಡಿ ಕಿವಿಗೆ ಕೊಡುವ ವ್ಯವಸ್ಥೆ ಇದೆ. ಕೊಂಕಣಿ 1992ರಲ್ಲಿ ಆ ಪಟ್ಟಿಗೆ ಸೇರಿತು. ತುಳು ಇನ್ನೂ ಹೊರಗೇ ಉಳಿದಿದೆ. ಮಂಗಳೂರು, ಉಡುಪಿಯ ಸಂಸದರು ಊರಲ್ಲಿ ಮತ ಕೇಳುವುದು ತುಳುವಿನಲ್ಲಿ, ದೆಹಲಿಯಲ್ಲಿ ಮಾತಾಡುವುದು ಬೇರೆ ಭಾಷೆಯಲ್ಲಿ. ಸದನದಲ್ಲಿ ಹರಕು ಹಿಂದಿಯಲ್ಲಿ ಒದ್ದಾಡುವ ದಕ್ಷಿಣದ ಸಂಸದರನ್ನು ನೋಡುವಾಗ ನನಗೆ ಬೇಜಾರಾಗುತ್ತದೆ. ಅವರು ಊರಿನ ಸಭೆಯಲ್ಲಿ ಎಷ್ಟು ಚೆನ್ನಾಗಿ ಮಾತಾಡುತ್ತಾರೆ ಎಂದು ನಮಗೆ ಗೊತ್ತಲ್ಲ.

ಈಗಿನ ಸ್ಥಿತಿಗೆ ಗಲಾಟೆಯೇ ಕಾರಣ ಎಂದು ಎಲ್ಲರೂ ಹೇಳುತ್ತಾರೆ. ಗಲಾಟೆ ಯಾವ ಪಕ್ಷಕ್ಕೂ ಹೊಸತಲ್ಲ. 2010ರ ಚಳಿಗಾಲದ ಅಧಿವೇಶನ 2ಜಿ ಹಗರಣಕ್ಕೆ ಜಂಟಿ ಸಂಸದೀಯ ಸಮಿತಿ ಬೇಕು ಎಂಬ ಗದ್ದಲದಲ್ಲೇ ಪೂರ್ತಿ ತೊಳೆದುಹೋಯಿತು. ಆಗ ಬೊಬ್ಬೆ ಹಾಕಿದವರು ಈಗ ಆಡಳಿತದಲ್ಲಿದ್ದಾರೆ. ಆಗ ಬೈದವರು ಈಗ ಬಾವಿಗಿಳಿಯುತ್ತಾರೆ. 2023ರ ಡಿಸೆಂಬರಿನಲ್ಲಿ ಎರಡೂ ಸದನ ಸೇರಿ 146 ಸಂಸದರನ್ನು ಅಮಾನತು ಮಾಡಿದರು. ಸಂಸತ್ ಭವನದ ಭದ್ರತಾ ಲೋಪದ ಬಗ್ಗೆ ಗೃಹ ಮಂತ್ರಿ ಹೇಳಿಕೆ ಕೊಡಲಿ ಎಂದು ಅವರು ಕೇಳುತ್ತಿದ್ದರು. ವಿರೋಧ ಪಕ್ಷದ ಬೆಂಚುಗಳು ಹೆಚ್ಚುಕಡಿಮೆ ಖಾಲಿ ಇದ್ದ ಆ ವಾರದಲ್ಲೇ ಮೂರು ಹೊಸ ಅಪರಾಧ ಕಾನೂನುಗಳು ಪಾಸಾದವು. ಇವತ್ತು ಮಂಗಳೂರಿನ ಯಾವ ಠಾಣೆಯಲ್ಲಿ ಎಫ್‌ಐಆರ್ ಆದರೂ ಅದೇ ಕಾನೂನಿನ ಸೆಕ್ಷನ್ ಬರೆಯುತ್ತಾರೆ.

ಗಲಾಟೆಗಿಂತ ನನಗೆ ಜಾಸ್ತಿ ಕಾಡುವುದು ಶಾಂತವಾಗಿ ಆಗುವ ಎರಡು ಕೆಲಸ. ಒಂದು, ಸದನ ಸೇರುವ ದಿನಗಳೇ ಕಡಿಮೆಯಾದದ್ದು. ಮೊದಲ ಲೋಕಸಭೆ ವರ್ಷಕ್ಕೆ ಸರಾಸರಿ 135 ದಿನ ಸೇರುತ್ತಿತ್ತು. 2024ಕ್ಕೆ ಮುಗಿದ ಹದಿನೇಳನೇ ಲೋಕಸಭೆ ಸೇರಿದ್ದು ಸರಾಸರಿ 55 ದಿನ. ಎರಡು, ಗಿಲೊಟಿನ್. ಇಲಾಖೆಗಳ ಬೇಡಿಕೆಗಳನ್ನು ಒಂದೊಂದಾಗಿ ಚರ್ಚಿಸಿ ಒಪ್ಪಬೇಕು ಎಂಬುದು ಕ್ರಮ. ಸಮಯ ಮುಗಿದಾಗ ಉಳಿದದ್ದನ್ನೆಲ್ಲ ಒಟ್ಟಿಗೆ ಮತಕ್ಕೆ ಹಾಕಿ ಮುಗಿಸುವುದಕ್ಕೆ ಗಿಲೊಟಿನ್ ಎಂದು ಹೆಸರು. 2018ರಲ್ಲಿ, ಮತ್ತೆ 2023ರಲ್ಲಿ, ಲೋಕಸಭೆ ಎಲ್ಲ ಇಲಾಖೆಗಳ ಬೇಡಿಕೆಯನ್ನೂ ಹೀಗೇ ಚರ್ಚೆ ಇಲ್ಲದೆ ಪಾಸು ಮಾಡಿತು. 2023ರಲ್ಲಿ ಅದು ಸುಮಾರು 45 ಲಕ್ಷ ಕೋಟಿ ರೂಪಾಯಿ. ನಮ್ಮ ಅಪಾರ್ಟ್‌ಮೆಂಟಿನ ಸಂಘದಲ್ಲಿ ನೀರಿನ ಪಂಪು ರಿಪೇರಿಗೆ ಇದಕ್ಕಿಂತ ಜಾಸ್ತಿ ಚರ್ಚೆ ಆಗುತ್ತದೆ.

ಮಾತಾಡಲು ಸಿಗುವ ಸಮಯವೂ ಪಕ್ಷದ ಬಲ ನೋಡಿ ಹಂಚಿಕೆ. ಚಿಕ್ಕ ಪಕ್ಷದವರಿಗೆ ಮೂರು ನಾಲ್ಕು ನಿಮಿಷ. ಆ ಮೂರು ನಿಮಿಷದಲ್ಲಿ ಎದುರಿನವರ ವಾದಕ್ಕೆ ಉತ್ತರ ಕೊಡುತ್ತಾ ಕೂತರೆ ಊರಿನ ವಾಟ್ಸಾಪಿಗೆ ಕಳಿಸಲು ಏನೂ ಸಿಗುವುದಿಲ್ಲ. ಹಾಗಾಗಿ ಬರೆದು ತಂದದ್ದನ್ನು ಓದುತ್ತಾರೆ. ಮುಖ ಪೀಠದ ಕಡೆ, ಮನಸ್ಸು ಕ್ಯಾಮೆರಾ ಕಡೆ. ಹಿಂದಿನವರು ಏನು ಹೇಳಿದರು ಎಂಬುದರ ಸುಳಿವೂ ಇರುವುದಿಲ್ಲ. ಇಬ್ಬರು ಸದಸ್ಯರ ಭಾಷಣವನ್ನು ಹಿಂದೆ ಮುಂದೆ ಮಾಡಿ ಹಾಕಿದರೂ ವ್ಯತ್ಯಾಸ ಗೊತ್ತಾಗಲಿಕ್ಕಿಲ್ಲ. ಮಾತು ಒರಟಾಯಿತು ಎಂದು ಕೊರಗುವವರು ಬಹಳ. ಒರಟು ಮಾತಿಗಾದರೂ ಎದುರಿನವರು ಉತ್ತರ ಕೊಡುತ್ತಾರೆ. ಬಾಯಿಪಾಠಕ್ಕೆ ಯಾರು ಉತ್ತರ ಕೊಡುತ್ತಾರೆ?

ಸದನದಲ್ಲಿ ಮಾತೇ ಆಗದಿದ್ದರೆ ಏನಾಗುತ್ತದೆ ಎಂಬುದಕ್ಕೆ ನಮ್ಮ ಜಿಲ್ಲೆಗಳಲ್ಲೇ ಸಾಕ್ಷಿ ಇದೆ. ಉಡುಪಿಯಲ್ಲಿ 1906ರಲ್ಲಿ ಹುಟ್ಟಿದ ಕಾರ್ಪೊರೇಷನ್ ಬ್ಯಾಂಕ್, ಅಲ್ಲೇ 1925ರಲ್ಲಿ ಹುಟ್ಟಿದ ಸಿಂಡಿಕೇಟ್ ಬ್ಯಾಂಕ್, ಮಂಗಳೂರಿನಲ್ಲಿ 1931ರಲ್ಲಿ ಹುಟ್ಟಿದ ವಿಜಯಾ ಬ್ಯಾಂಕ್. ಮೂರಕ್ಕೂ ಈಗ ಬೋರ್ಡಿಲ್ಲ. ವಿಜಯಾ 2019ರ ಏಪ್ರಿಲ್ 1ರಂದು ಬ್ಯಾಂಕ್ ಆಫ್ ಬರೋಡಾಕ್ಕೆ ಸೇರಿತು. ಮರುವರ್ಷ ಅದೇ ತಾರೀಕಿಗೆ, ಲಾಕ್‌ಡೌನಿನ ನಡುವೆ, ಸಿಂಡಿಕೇಟ್ ಕೆನರಾಕ್ಕೆ, ಕಾರ್ಪೊರೇಷನ್ ಯೂನಿಯನ್ ಬ್ಯಾಂಕಿಗೆ. ವಿಲೀನ ಒಳ್ಳೆಯದೋ ಕೆಟ್ಟದ್ದೋ ಎಂಬ ವಾದ ಬೇರೆ. ನನ್ನ ತಕರಾರು ಅದು ಆದ ರೀತಿಯ ಬಗ್ಗೆ. 1969ರ ಜುಲೈಯಲ್ಲಿ ಇಂದಿರಾ ಗಾಂಧಿ ಸುಗ್ರೀವಾಜ್ಞೆಯಿಂದ ಹದಿನಾಲ್ಕು ಬ್ಯಾಂಕುಗಳನ್ನು ರಾಷ್ಟ್ರೀಕರಣ ಮಾಡಿದಾಗ ಕೆನರಾ, ಸಿಂಡಿಕೇಟ್ ಅದರಲ್ಲಿದ್ದವು. ಆಮೇಲೆ ಅದಕ್ಕೆ ಮಸೂದೆ ಬಂತು, ಸದನದಲ್ಲಿ ಕಾವೇರಿದ ಚರ್ಚೆ ಆಯಿತು. ಪರ ಏನು, ವಿರೋಧ ಏನು ಎಂದು ಇವತ್ತೂ ಓದಬಹುದು. ವಿಲೀನಕ್ಕೆ ಮಸೂದೆ ಬೇಕಾಗಿಲ್ಲ. ರಿಸರ್ವ್ ಬ್ಯಾಂಕಿನ ಜೊತೆ ಸಮಾಲೋಚಿಸಿ ಕೇಂದ್ರ ಸರ್ಕಾರ ಯೋಜನೆ ಹೊರಡಿಸಿದರೆ ಸಾಕು ಎಂದು ರಾಷ್ಟ್ರೀಕರಣದ ಕಾಯ್ದೆಗಳಲ್ಲೇ ಇದೆ. ಆ ಯೋಜನೆಯ ಪ್ರತಿಯನ್ನು ಸದನದ ಮುಂದೆ ಇಟ್ಟರೆ ಮುಗಿಯಿತು. ಊರಿನ ಜನ ಪಿಗ್ಮಿ ಕಟ್ಟಿ ಬೆಳೆಸಿದ ಬ್ಯಾಂಕುಗಳು ಗೆಜೆಟ್ ಪ್ರಕಟಣೆಯಲ್ಲಿ ಹೋದವು. ವಾಲಿಗಾದರೂ ರಾಮನಲ್ಲಿ ನಾಲ್ಕು ಮಾತು ಕೇಳಲು ಬಿಟ್ಟಿದ್ದರು.

ಕೊನೆಯದಾಗಿ ಒಂದು ಸಮಿತಿಯ ಬಗ್ಗೆ ಹೇಳಬೇಕು. ಟಿವಿಯವರು ಇದರ ಸುದ್ದಿಗೆ ಹೋಗುವುದಿಲ್ಲ. ಲೋಕಸಭೆಯಲ್ಲಿ ಸರ್ಕಾರಿ ಭರವಸೆಗಳ ಸಮಿತಿ ಎಂದು ಒಂದಿದೆ, 1953ರಿಂದ. ಮಂತ್ರಿಗಳು ಸದನದಲ್ಲಿ ಕೊಟ್ಟ ಮಾತನ್ನು ಹೆಕ್ಕಿ ಲೆಕ್ಕ ಇಡುವುದು ಇದರ ಕೆಲಸ. ಯಾವ ಮಾತನ್ನು ಭರವಸೆ ಎಂದು ಹಿಡಿಯಬೇಕು ಎಂಬುದಕ್ಕೆ ಒಂದು ಪಟ್ಟಿಯೇ ಇದೆ. 'ವಿಷಯ ಪರಿಶೀಲನೆಯಲ್ಲಿದೆ', 'ನಾನು ನೋಡುತ್ತೇನೆ', 'ಮಾಹಿತಿ ಸಂಗ್ರಹಿಸಿ ಸದನಕ್ಕೆ ಕೊಡಲಾಗುವುದು' ಇಂಥ ಮಾತುಗಳು. ನಾವು ನುಣುಚಿಕೊಳ್ಳುವ ಮಾತು ಎಂದು ತಿಳಿದುಕೊಂಡದ್ದೆಲ್ಲ ಅಲ್ಲಿ ಭರವಸೆಯ ಲೆಕ್ಕಕ್ಕೆ ಬರುತ್ತದೆ. ಮೂರು ತಿಂಗಳೊಳಗೆ ನಡೆಸಿಕೊಡಬೇಕು. ಆಗದಿದ್ದರೆ ಇಲಾಖೆ ಸಮಿತಿಯ ಮುಂದೆ ಹೋಗಿ ಇನ್ನಷ್ಟು ಸಮಯ ಕೇಳಬೇಕು, ಇಲ್ಲವೇ ಕೈಬಿಡಿ ಎಂದು ಕೇಳಿಕೊಳ್ಳಬೇಕು. ಸಮಯ ಕೇಳುವವರೇ ಜಾಸ್ತಿ ಬಿಡಿ.

ಇದು ಗೊತ್ತಾದ ಮೇಲೆ ನಮ್ಮ ಸಂಸದರ ಪ್ರಶ್ನೆಗಳಿಗೆ ಬಂದ ಉತ್ತರಗಳನ್ನು ಓದುವ ನನ್ನ ರೀತಿ ಬದಲಾಗಿದೆ. ಮಂಗಳೂರಿನ ರೈಲಿನ ಸಂಗತಿಯನ್ನೇ ತೆಗೆದುಕೊಳ್ಳಿ. ಒಂದು ಕಡೆ ಪಾಲಕ್ಕಾಡ್ ವಿಭಾಗ, ಇನ್ನೊಂದು ಕಡೆ ಮೈಸೂರು ವಿಭಾಗ, ತೋಕೂರಿನಿಂದ ಆಚೆ ಕೊಂಕಣ ರೈಲ್ವೆ. ಒಂದೇ ಊರು ಮೂವರ ಕೈಯಲ್ಲಿ. ಇದನ್ನು ಸರಿ ಮಾಡಿ ಎಂಬ ಬೇಡಿಕೆಗೆ ವಯಸ್ಸಾಗಿದೆ. ಮುಂದಿನ ಸಲ ಇದರ ಬಗ್ಗೆ ಉತ್ತರ ಬಂದರೆ ಎಷ್ಟು ಕಿಲೋಮೀಟರ್, ಎಷ್ಟು ಕೋಟಿ ಎಂಬುದನ್ನು ಆಮೇಲೆ ನೋಡುತ್ತೇನೆ. ಮೊದಲು ಹುಡುಕುವುದು 'ಪರಿಶೀಲನೆಯಲ್ಲಿದೆ' ಎಂದು ಬರೆದಿದ್ದಾರಾ ಎಂದು. ಬರೆದಿದ್ದರೆ ಆ ತಾರೀಕನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿ, ಮೂರು ತಿಂಗಳಾದ ಮೇಲೆ ಸಂಸದರ ಕಚೇರಿಗೆ ಒಂದು ಕಾಗದ ಹಾಕುವ ಅಂದಾಜಿದೆ.